ಗಾಳಿ ಕಂಡ ಕಲ್ಲು

ಕಪಾಟಿನ ಕೆಳಗಿನ ಖಾನೆ ತೆಗೆದಾಗ ಬೆಂಕಿಕಡ್ಡಿ ಗೀರಿದ ವಾಸನೆ ಬಂತು. ಮನೆಯಲ್ಲಿ ಯಾರೂ ಕಡ್ಡಿ ಗೀರಿರಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು, ಮುರಿದ ಛತ್ರಿ, ಅವುಗಳ ಹಿಂದೆ ಸೀಮೆಸುಣ್ಣದ ಒಂದು ರಟ್ಟಿನ ಡಬ್ಬಿ. ಡಬ್ಬಿಯ ತಳ ಸೀದ ರೊಟ್ಟಿಯ ಹಾಗೆ ಕಂದಾಗಿತ್ತು, ಮುಟ್ಟಿದರೆ ಉದುರುತ್ತಿತ್ತು. ಅದರೊಳಗೆ ನಾನು ಇಟ್ಟಿದ್ದು ಒಂದು ಕಲ್ಲು. ಅಂಗೈಯಗಲದ ಕರಿ ಪದರುಗಲ್ಲು, ಅದರ ಮೈಯಲ್ಲಿ ಪಗಡೆಯ ದಾಳದಂಥ ಹಿತ್ತಾಳೆ ಬಣ್ಣದ ಘನಗಳು. ಈಗ ಅಲ್ಲಿ ಬೂದುಬಿಳಿ ಪುಡಿ ಇತ್ತು. ಪುಡಿಯ ನಡುವೆ ಎರಡೋ ಮೂರೋ ಘನಗಳು ಇನ್ನೂ ಹೊಳೆಯುತ್ತಿದ್ದವು. ಕಲ್ಲಿನ ಕೆಳಗೆ ಒಂದು ಚೀಟಿ ಇಟ್ಟಿದ್ದೆ, ಊರು, ತಿಂಗಳು, ವರ್ಷ ಬರೆದು. ಊರಿನ ಮೊದಲ ಅಕ್ಷರ ಉಳಿದಿತ್ತು. ವರ್ಷ ಇದ್ದ ಕಡೆ ತೂತು.

ಇದಕ್ಕೆ ಕಾರಣ ನನಗೆ ಗೊತ್ತು, ಅದನ್ನೇ ಪಾಠ ಮಾಡಿದವಳು ನಾನು. ಪೈರೈಟ್ ಎಂದರೆ ಕಬ್ಬಿಣವೂ ಗಂಧಕವೂ ಒಂದನ್ನೊಂದು ಹಿಡಿದುಕೊಂಡ ಕಲ್ಲು. ನೆಲದೊಳಗೆ ಗಾಳಿಯಿಲ್ಲದ ಕಡೆ ಕೋಟಿಗಟ್ಟಲೆ ವರ್ಷ ಹಾಗೇ ಇರುತ್ತದೆ. ಮೇಲೆ ತಂದು ಹಸಿ ಗಾಳಿಗೆ ಇಟ್ಟರೆ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ, ಗಂಧಕದ ಹುಳಿ ಬಿಡುತ್ತದೆ, ಆ ಹುಳಿ ಡಬ್ಬಿಯನ್ನೂ ಚೀಟಿಯನ್ನೂ ತಿನ್ನುತ್ತದೆ. ನೆನಪಿಗೆಂದು ಇಟ್ಟ ಕಲ್ಲು ನೆನಪಿನ ಚೀಟಿಯನ್ನೇ ತಿಂದಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಚೆನ್ನಾಗಿರುವುದರಿಂದಲೇ ಆ ವಾಕ್ಯದ ಮೇಲೆ ನನಗೆ ಭರವಸೆಯಿಲ್ಲ.

ಈ ಕಲ್ಲಿನ ಕಥೆಯನ್ನು ನಾನು ಹಲವು ಶಾಲೆಗಳ ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ. ಹೇಳಿದ ಹಾಗೆಲ್ಲ ಅದು ನಯವಾಗಿದೆ. ಮಳೆಗಾಲದಲ್ಲಿ ಶುರುವಾಗಿ ಸಂಕ್ರಾಂತಿಗೆ ಮುಗಿಯುತ್ತದೆ, ನಡುವೆ ನಾನು ಜಾಣೆಯಾಗುತ್ತೇನೆ. ಕೇಳಿದವರು ತಲೆದೂಗುತ್ತಾರೆ, ಗಂಟೆ ಹೊಡೆಯುತ್ತದೆ. ಈ ಸಲ ಅದನ್ನು ಕೆದರಿ ಬರೆಯುತ್ತೇನೆ. ಹೇಳುವಾಗ ಬಿಟ್ಟುಬಿಡುತ್ತಿದ್ದ ಚೂರುಗಳನ್ನೂ ಸೇರಿಸುತ್ತೇನೆ, ಅವು ಎಲ್ಲಿ ಕೂರುತ್ತವೋ ಕೂರಲಿ.

ಆ ವರ್ಷ ನಾನು ಬನಹಟ್ಟಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಅತಿಥಿ ಶಿಕ್ಷಕಿ. ಜೂನಿನಿಂದ ಮಾರ್ಚ್‌ವರೆಗೆ, ಅಷ್ಟೇ. ಮೊದಲ ಕೆಲಸ. ನನ್ನ ದನಿ ಹಿಂದಿನ ಬೆಂಚಿಗೆ ಮುಟ್ಟುವುದಿಲ್ಲ ಎಂದು ಮುಖ್ಯೋಪಾಧ್ಯಾಯರು ಮೊದಲ ವಾರವೇ ಹೇಳಿದ್ದರು. ಮುಟ್ಟುತ್ತಿರಲಿಲ್ಲ, ಖರೆ. ನೇಕಾರರ ಓಣಿಯಲ್ಲಿ ಗುರುಬಸವ್ವ ಎಂಬವರ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಎರಡೂ ಕಡೆ ಪಾವರ್‌ಲೂಮುಗಳು. ಬೆಳಗಿನಿಂದ ರಾತ್ರಿಯವರೆಗೆ ಓಣಿಯೇ ಹಲ್ಲು ಕಡಿದಂತೆ ಸದ್ದು. ಮೊದಲ ಹತ್ತು ದಿನ ತಲೆ ನೋವು, ಆಮೇಲೆ ಕರೆಂಟು ಹೋಗಿ ಸದ್ದು ನಿಂತರೆ ಎಚ್ಚರವಾಗುತ್ತಿತ್ತು.

ಗುರುಬಸವ್ವನಿಗೆ ಆಗ ಅರವತ್ತರ ಆಸುಪಾಸು. ಗಂಡ ತೀರಿಕೊಂಡು ಏಳು ವರ್ಷ. ಆಕೆ ನೇಯುವವಳಲ್ಲ, ನೂಲಿಗೆ ಬಣ್ಣ ಹಾಕುವವಳು. ಓಣಿಯಲ್ಲಿ ಇನ್ನೂ ಕೈಮಗ್ಗ ಬಿಡದ ಕೆಲವರಿಗೆ ಆಕೆಯ ದಾಳಿಂಬಿ ಹಳದಿಯೇ ಬೇಕು. ಹಿತ್ತಲಲ್ಲಿ ಎರಡು ತಾಮ್ರದ ಹಂಡೆ, ನೀರು ತುಂಬಿಡುವ ಒಂದು ಕರಿಕಲ್ಲಿನ ತೊಟ್ಟಿ, ಅವರ ಮಾತಿನಲ್ಲಿ ದೋಣಿ. ನೂಲಿನ ಲಡಿಗಳನ್ನು ಮೊದಲು ದೋಣಿಯ ನೀರಿನಲ್ಲಿ ಒಂದು ಹಗಲು ನೆನೆಹಾಕುತ್ತಾಳೆ, ಆಮೇಲೆ ಪಟಿಕ, ಆಮೇಲೆ ದಾಳಿಂಬೆ ಸಿಪ್ಪೆಯ ಕಷಾಯ. ಸಿಪ್ಪೆ ಜಮಖಂಡಿಯ ಜ್ಯೂಸಿನ ಅಂಗಡಿಗಳಿಂದ ಗೋಣಿಚೀಲದಲ್ಲಿ ಬರುತ್ತಿತ್ತು. "ಬಣ್ಣ ಕುದಸಾಕ ಯಾರಿಗಾದ್ರೂ ಬರತೈತಿ, ನಿಲ್ಲಸಾಕ ಕೈಗುಣ ಬೇಕು" ಎನ್ನುತ್ತಿದ್ದಳು. ಅಳತೆ, ತಕ್ಕಡಿ, ಗಡಿಯಾರ ಯಾವುದೂ ಇರಲಿಲ್ಲ. ನೀರಿನಲ್ಲಿ ಮೊಣಕೈ ಅದ್ದಿ ಬಿಸಿ ನೋಡುತ್ತಿದ್ದಳು, ನಾಲಿಗೆಗೆ ಹಚ್ಚಿ ಒಗರು ನೋಡುತ್ತಿದ್ದಳು.

ಮಿರಗದ ಮಳೆ, ಅಂದರೆ ಜೂನಿನ ಮೃಗಶಿರಾ ಮಳೆ, ಒಂದೆರಡು ಸಲ ಬಂದು ಹೋದ ಮೇಲೆ ಒಂದು ರವಿವಾರ, ಬಾಗಿಲ ಮುಂದೆ ಮೋಟರ್‌ಸೈಕಲ್ ನಿಂತಿತು. ಐವತ್ತರ ಒಬ್ಬಾತ, ಹಿಂದೆ ಹಗ್ಗದಿಂದ ಕಟ್ಟಿದ ಚೀಲ. ಗುರುಬಸವ್ವ ಹೊಸ್ತಿಲಲ್ಲಿ ನಿಂತು ಕೇಳಿದಳು: "ಯಾರ ಬೇಕಾಗಿತ್ತರಿ?"

"ಅಕ್ಕಾ, ಬಾವಿಗಿ ನೀರ ಬಿತ್ತು."

"ಛಲೋ ಆತು. ಇನ್ನ ನೀರಿನ ಪಾಳಿ ಕಾಯೂದು ತಪ್ಪಿತು ನಿನಗ."

ಆತ ಆಕೆಯ ತಮ್ಮ ಈರಪ್ಪ. ಅವರ ತವರಿನಲ್ಲಿ ಮಗ್ಗ ಬಿಟ್ಟು ಹೊಲಕ್ಕೆ ಇಳಿದು ಎರಡು ತಲೆಮಾರಾಗಿತ್ತು, ಮುಧೋಳದ ಆಚೆ ಸುಣ್ಣಕಲ್ಲಿನ ಸೀಮೆಯಲ್ಲಿ ಜಮೀನು. ಅಕ್ಕನ ಗಂಡ ಸತ್ತ ದಿನ ಈರಪ್ಪನ ಹೊಲಕ್ಕೆ ಕಾಲುವೆ ನೀರಿನ ಪಾಳಿ. ಪಾಳಿ ಬಿಟ್ಟರೆ ಮತ್ತೆ ಹದಿನೈದು ದಿನ. ಆತ ನೀರು ಕಟ್ಟಿ, ಮಣ್ಣು ಮುಗಿದ ಮೇಲೆ ಬಂದಿದ್ದ. ಅಂದಿನಿಂದ ಏಳು ವರ್ಷ ಮಾತಿಲ್ಲ. ಇದನ್ನೆಲ್ಲ ನನಗೆ ಹೇಳಿದ್ದು ಆಮೇಲೆ. ಆ ಹೊತ್ತಿನಲ್ಲಿ ನಾನು ಕಂಡದ್ದು ಚೀಲ ಬಿಚ್ಚಿದ್ದು, ಅದರೊಳಗಿನಿಂದ ತೆಂಗಿನಕಾಯಿಗಿಂತ ದೊಡ್ಡದಾದ ಒಂದು ಕರಿಕಲ್ಲು ಹೊರಬಂದದ್ದು. ಅದರ ತುಂಬ ಹಳದಿ ಹೊಳಪಿನ ಘನಗಳು, ಯಾರೋ ಅರದಿಂದ ತಿಕ್ಕಿ ಮೂಲೆ ತೆಗೆದಷ್ಟು ನೇರ.

"ಬಂಗಾರ ಏನ್ರಿ ಅದು?" ಎಂದೆ ನಾನು. ಅಲ್ಲಿದ್ದ ಮೂವರಲ್ಲಿ ಹಾಗೆ ಕೇಳಿದವಳು ವಿಜ್ಞಾನದ ಶಿಕ್ಷಕಿ ಒಬ್ಬಳೇ.

ಈರಪ್ಪ ನನ್ನನ್ನು ನೋಡಿದ. "ಬಂಗಾರ ಆಗಿದ್ರ ಅಕ್ಕನ ಮನಿಗಿ ಯಾಕ ತರತಿದ್ನಿರಿ ಟೀಚರ, ಮುಧೋಳದಾಗ ಅಂಗಡಿ ಇಲ್ಲೇನ?"

ಅಕ್ಕ ನಗಲಿಲ್ಲ, ಆದರೆ ಬಾಗಿಲಿಂದ ಸ್ವಲ್ಪ ಸರಿದಳು. ಅವರ ಮನೆತನದಲ್ಲಿ ಒಂದು ಪದ್ಧತಿ ಇತ್ತು. ತವರಿನಲ್ಲಿ ಹೊಸ ಬಾವಿ ತೋಡಿ ನೀರು ಬಿದ್ದರೆ, ಮೊದಲು ಒದ್ದೆಯಾದ ಕಲ್ಲನ್ನು ಮನೆಯ ಮಗಳಿಗೆ ಒಯ್ದು ಕೊಡಬೇಕು. ಆಕೆ ಅದನ್ನು ತನ್ನ ದಿನದ ಕೆಲಸದ ನೀರಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ಮಿರಗದವರೆಗೆ ತೆಗೆಯಬಾರದು. ತವರಿನ ನೀರು ಮಗಳ ಮನೆಗೂ ಸೇರಿದ್ದು ಎಂಬುದಕ್ಕೆ ಅದು ಸಾಕ್ಷಿ.

"ಎಷ್ಟ ಆಳಕ್ಕ ಬಿತ್ತು?" ಅಕ್ಕ ಕೇಳಿದಳು.

"ಆರ ಆಳಿನ ಮಟ್ಟದ ಮ್ಯಾಲ. ಕರೀ ಹಾಸಗಲ್ಲ ಹತ್ತಿತು, ಅದರ ಕೆಳಗ."

"ಸಿಹಿ ಐತೇನು?"

"ಒಂದೀಟ ಒಗರ ಐತಿ. ಜಗ್ಗಿದಂಗ ಸರಿ ಹೋಗತೈತಿ ಅಂದ್ರು."

"ನಿಂತಗೊಂಡ ಏನ ಹೇಳತಿ, ಒಳಗ ಬಾ. ಚಪ್ಪಲಿ ಹೊರಗ ಬಿಡು, ಊರ ಕೆಸರೆಲ್ಲಾ ತುಳಕೊಂಡ ಬಂದಾನ."

ಕಲ್ಲು ಹಿತ್ತಲಿಗೆ ಹೋಯಿತು, ದೋಣಿಯ ತಳ ಸೇರಿತು. ಅದರಿಂದ ಸಿಡಿದ ಒಂದು ಹೋಳನ್ನು ನಾನು ಶಾಲೆಗೆಂದು ಕೇಳಿ ತೆಗೆದುಕೊಂಡೆ. ಅದೇ ಈಗ ಡಬ್ಬಿಯಲ್ಲಿ ಪುಡಿಯಾಗಿರುವುದು. ಈರಪ್ಪ ಅವತ್ತು ಎರಡು ಜೋಳದ ರೊಟ್ಟಿ ಹೆಚ್ಚಿಗೆ ಉಂಡ. ಅಕ್ಕ ಬಡಿಸುತ್ತ ಬಯ್ಯುತ್ತಿದ್ದಳು, ಬಯ್ಯುತ್ತ ಬಡಿಸುತ್ತಿದ್ದಳು.

ಹಳದಿ ಕೆಟ್ಟದ್ದು ಶ್ರಾವಣದಲ್ಲಿ.

ಹಂಡೆಯಿಂದ ಎತ್ತಿದಾಗ ಲಡಿಗಳು ತುಸು ಹಸಿರು ಕಂಡರೂ ಹಳದಿಯೇ. ಹಗ್ಗಕ್ಕೆ ಹಾಕಿ ಒಂದು ತಾಸಿಗೆ ಮಂಕಾಗುತ್ತಿದ್ದವು, ಮಧ್ಯಾಹ್ನಕ್ಕೆ ಎಮ್ಮೆಕರುವಿನ ಬಣ್ಣ. ನನ್ನ ಮಾತಲ್ಲ ಅದು. ಮೂಲೆಮನೆಯ ನೇಕಾರ ಚನಮಲ್ಲಪ್ಪ ಲಡಿ ತಿರುಗಿ ತಂದಿಟ್ಟು ಹೇಳಿದ್ದು: "ಏನ್ ಬೇ ಅವ್ವಾ, ಹಳದಿ ಬೇಡಿದ್ರ ಎಮ್ಮಿಕರ ಕೊಟ್ಟಿಯಲ್ಲ. ಇದನ್ನ ನೇಯ್ಲೋ, ಕಟ್ಟಿ ಮೇಯಸ್ಲೋ?"

ಮೊದಲ ಸಲ ಆಕೆ ನಕ್ಕಳು. ಎರಡನೆಯ ಸಲ ಸಿಪ್ಪೆ ಹಳೆಯದಿರಬೇಕೆಂದಳು. ಮೂರನೆಯ ಸಲ ಲಡಿ ಎತ್ತಿ ಒಳಗಿಟ್ಟಳು. ಓಣಿ ಹೇಳಿತು: ಗುರುಬಸವ್ವನ ಕೈಗುಣ ಹೋತು. ಆ ಓಣಿಯಲ್ಲಿ ಇದು ಸಣ್ಣ ಮಾತಲ್ಲ. ಕೈಗುಣ ಹೋದವರು ಬಣ್ಣ ಮುಟ್ಟುವುದಿಲ್ಲ, ಮುಟ್ಟಿದರೂ ಯಾರೂ ನೂಲು ಕೊಡುವುದಿಲ್ಲ. "ದೀಪಾವಳಿ ಲಡಿ ಒಂದ ನೋಡತೇನಿ," ಎಂದಳು ನನಗೆ. "ಅದೂ ಹಿಂಗ ಆದ್ರ ಹಂಡೆ ಬೋರಲ ಹಾಕಿ ಕೂಡತೇನಿ." ಹೇಳುವಾಗ ಮುಖದಲ್ಲಿ ಏನೂ ಇರಲಿಲ್ಲ, ಬೆರಳುಗಳು ಮಾತ್ರ ಒಂದು ಎಳೆಯನ್ನು ಬಿಚ್ಚಿ ಮತ್ತೆ ಹೊಸೆಯುತ್ತಿದ್ದವು.

ನಾನು ಸುಮ್ಮನಿರಲಿಲ್ಲ. ನನ್ನ ಮೊದಲ ಸಿದ್ಧಾಂತ, ಪಾವರ್‌ಲೂಮಿನ ಎಣ್ಣೆಯ ಹೊಗೆ. ಹಗ್ಗವನ್ನು ಮಾಳಿಗೆಯ ಮೇಲೆ ಕಟ್ಟಿಸಿದೆ. ಒದ್ದೆ ಲಡಿ ಹೊತ್ತು ಕಡಿದಾದ ಮೆಟ್ಟಿಲು ಹತ್ತಿದ ಗುರುಬಸವ್ವ ಮೇಲೆ ನಿಂತು ಏದುಸಿರು ಬಿಡುತ್ತ, "ನಿಮ್ಮ ವಿಜ್ಞಾನಕ್ಕ ಮೊಣಕಾಲ ಇಲ್ಲೇನ ಟೀಚರ?" ಎಂದಳು. ಲಡಿ ಮಾಳಿಗೆಯ ಮೇಲೂ ಕಪ್ಪಾಯಿತು. ಎರಡನೆಯ ಸಿದ್ಧಾಂತ, ತಾಮ್ರದ ಹಂಡೆಯ ಕಲಾಯಿ. ಹಂಡೆ ಬದಲಿಸಿದೆವು. ಅದೇ ಎಮ್ಮೆಕರು.

ನನ್ನ ಕಥೆಯಲ್ಲಿ ಎಂದೂ ಜಾಗ ಸಿಗದ ಎರಡು ಚೂರುಗಳು ಇಲ್ಲಿ ಬರುತ್ತವೆ. ಒಂದು: ಗಣೇಶ ಹಬ್ಬದ ಹೊತ್ತಿಗೆ ಗುರುಬಸವ್ವ ನಡು ಹಿಡಿದುಕೊಂಡಿದೆ ಎಂದು ದೋಣಿ ತಿಕ್ಕಲು ನನ್ನನ್ನು ಕರೆದಳು. ಅಂಚಿಗೆಲ್ಲ ಕೆಂಪು ತುಕ್ಕಿನಂಥ ಪಾಚಿ. ತಿಕ್ಕಿದೆ. ಕೈ ತೊಳೆದುಕೊಂಡೆ. ಎರಡು: ಅದರ ಮುಂದಿನ ವಾರ, "ದೋಣಿ ನೀರ ಒಂದೀಟ ನಾಲಿಗಿಗಿ ಹಚ್ಚಿ ನೋಡು, ನನಗ ನೆಗಡಿ, ರುಚಿನ ತಿಳಿಯವಲ್ದು" ಎಂದಳು. ನೋಡಿದೆ. ಒಗರು, ಶಾಯಿ ನೆಕ್ಕಿದ ಹಾಗೆ. "ಒಗರೈತ್ರಿ" ಎಂದೆ. "ಹೌದಾ?" ಎಂದಳು. ನಾನು ಉತ್ತರಪತ್ರಿಕೆ ತಿದ್ದಲು ಒಳಗೆ ಹೋದೆ.

ಆಮೇಲೆ ನಾನು ಯಾವಾಗಲೂ ಹೇಳುವ ದೃಶ್ಯ. ದಸರೆ ರಜೆ ಮುಗಿದ ಮೇಲೆ ಒಂಬತ್ತನೆಯ ತರಗತಿಗೆ ಖನಿಜಗಳ ಪಾಠ. ಕಲ್ಲಿನ ಹೋಳು ತೆಗೆದುಕೊಂಡು ಹೋದೆ. ಅರ ಹಿಡಿದು ಗಟ್ಟಿಯಾಗಿ ಹೊಡೆದೆ, ಕಿಡಿ ಹಾರಿತು, ಬೆಂಕಿಕಡ್ಡಿಯ ವಾಸನೆ ಹಿಂದಿನ ಬೆಂಚಿನವರೆಗೆ ಹೋಯಿತು. ನನ್ನ ದನಿ ಮುಟ್ಟದ ಕಡೆ ಅದು ಮುಟ್ಟಿತು. ಕಡ್ಡಿಪೆಟ್ಟಿಗೆ ಹುಟ್ಟುವ ಮೊದಲು ಜನ ಇದರಿಂದಲೇ ಬೆಂಕಿ ಮಾಡುತ್ತಿದ್ದರು ಎಂದೆ. ಇದನ್ನು ಸುಟ್ಟು ಗಂಧಕ ತೆಗೆಯುತ್ತಾರೆ, ಗಂಧಕದ ಆಮ್ಲ ಮಾಡುತ್ತಾರೆ, ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ರಸವನ್ನು ಬಿಳುಪು ಮಾಡುವುದೂ ಸುಟ್ಟ ಗಂಧಕದ ಹೊಗೆಯೇ ಎಂದೆ. ಚಾಕುವಿನಿಂದ ಗೀರಿದರೆ ಗೀರು ಬೀಳುವುದಿಲ್ಲ, ಬಂಗಾರಕ್ಕೆ ಬೀಳುತ್ತದೆ. ಬಂಗಾರ ಬಡಿದರೆ ಅಗಲವಾಗುತ್ತದೆ, ಇದು ಪುಡಿಯಾಗುತ್ತದೆ. ಕೊನೆಗೆ ಬಚ್ಚಲ ಟೈಲಿನ ಬೆನ್ನಿಗೆ, ನಯವಿಲ್ಲದ ಕಡೆ, ಕಲ್ಲನ್ನು ಉಜ್ಜಿ ಗೆರೆ ಎಳೆದೆ.

ಮೊದಲ ಬೆಂಚಿನ ಹುಡುಗಿಯೊಬ್ಬಳು ಹೇಳಿದಳು: "ಟೀಚರ್, ಕಲ್ಲ ಹಳದಿ ಐತಿ, ಬರಿಯೂದು ಕರೀ ಬರೀತೈತ್ರಿ."

ನಾನು ಆ ಕ್ಷಣವೇ ಮನೆಗೆ ಓಡಿದೆ. ಸ್ಟಾಫ್ ರೂಮಿನಲ್ಲಿ ಹಾಗೆ ಹೇಳುತ್ತೇನೆ. ಓಡಿರಲಿಲ್ಲ, ಆ ದಿನ ಇನ್ನೂ ಎರಡು ಪಿರಿಯಡ್ ಇದ್ದವು. ಗೆರೆ ಕಪ್ಪಾಗುವುದಕ್ಕೂ ನೂಲು ಕಪ್ಪಾಗುವುದಕ್ಕೂ ನೇರ ಸಂಬಂಧವೂ ಇಲ್ಲ. ಆದರೆ ಹಳದಿ ಮತ್ತು ಕಪ್ಪು ಎಂಬ ಎರಡು ಪದಗಳು ಒಂದೇ ಬಾಯಿಂದ ಬಂದದ್ದು ಕಿವಿಯಲ್ಲಿ ಉಳಿಯಿತು. ಸಂಜೆ ದೋಣಿಯ ಬಳಿ ನಿಂತಾಗ ತುಕ್ಕು ಕಂಡಿತು, ನಾನೇ ತಿಕ್ಕಿದ್ದ ಅಂಚಿನಲ್ಲಿ ಮತ್ತೆ. ಕಲ್ಲು ನೀರಿಗೆ ಕಬ್ಬಿಣ ಬಿಡುತ್ತಿತ್ತು. ನೂಲು ದೋಣಿಯಲ್ಲಿ ಆ ಕಬ್ಬಿಣ ಕುಡಿದು ಹಂಡೆಗೆ ಹೋಗುತ್ತಿತ್ತು. ದಾಳಿಂಬೆ ಸಿಪ್ಪೆಯ ಒಗರು ಕಬ್ಬಿಣ ಸಿಕ್ಕರೆ ಗಾಳಿಯಲ್ಲಿ ಕಪ್ಪಾಗುತ್ತದೆ. ಹಳೆಯ ಕಾಲದ ಶಾಯಿ ಮಾಡುತ್ತಿದ್ದುದೇ ಹಾಗೆ.

ಎರಡು ಎಳೆ ತೆಗೆದುಕೊಂಡೆ. ಒಂದನ್ನು ದೋಣಿ ನೀರಿನಲ್ಲಿ, ಇನ್ನೊಂದನ್ನು ನಳದ ಹೊಳೆನೀರಿನಲ್ಲಿ ನೆನೆಸಿ, ಮರುದಿನ ಒಂದೇ ಹಂಡೆಗೆ ಇಳಿಸಿ ಹಗ್ಗಕ್ಕೆ ಹಾಕಿದೆ. ಒಂದು ತಾಸಿನಲ್ಲಿ ಒಂದು ಕಪ್ಪಾಯಿತು. ಇನ್ನೊಂದು ದಾಳಿಂಬಿ ಹಳದಿಯಾಗಿಯೇ ಗಾಳಿಗೆ ಆಡುತ್ತಿತ್ತು.

ಗುರುಬಸವ್ವ ಎರಡನ್ನೂ ಬೆರಳ ಮೇಲೆ ಹಾಕಿಕೊಂಡು ನೋಡಿದಳು. ಖುಷಿಪಡುತ್ತಾಳೆಂದು ಕಾದೆ.

"ಅಂದ್ರ ಕಲ್ಲ ತಗೀಬೇಕಂತಿ."

"ಹೌದ್ರಿ."

"ಮಿರಗದ ತನಕ ತಗೀಬಾರದು. ತಗದ್ರ ತವರ ತಗದಂಗ." ಎಳೆಗಳನ್ನು ಬೆರಳಿಗೆ ಸುತ್ತುತ್ತ, "ಈರಪ್ಪಗ ಯಾರ ಹೇಳಾವ್ರು?" ಎಂದಳು. ನನ್ನ ಕಡೆ ನೋಡಲಿಲ್ಲ.

"ನಾ ಹೇಳತೇನ್ರಿ," ಎಂದೆ.

ಮುಂದಿನ ರವಿವಾರ ಮಹಾಲಿಂಗಪುರದ ಮೇಲೆ ಹೋಗುವ ಬಸ್ಸಿನಲ್ಲಿ ಮುಧೋಳಕ್ಕೆ ಹೋದೆ, ಅಲ್ಲಿಂದ ಈರಪ್ಪನ ಮೋಟರ್‌ಸೈಕಲ್ಲಿನ ಮೇಲೆ ಹೊಲಕ್ಕೆ. ಬಾವಿಯ ಸುತ್ತ ಒಳಗಿಂದ ತೆಗೆದ ಕರಿ ಹಾಸಿನ ರಾಶಿ. ಮೇಲೆ ತಂದಾಗ ಫಳಫಳ ಹೊಳೆಯುತ್ತಿದ್ದ ಕಲ್ಲು ಒಂದೇ ಮಳೆಗಾಲಕ್ಕೆ ಹಳದಿ ತುಕ್ಕು ಕಾರಿಕೊಂಡು ಪದರು ಪದರಾಗಿ ಬಿಚ್ಚಿತ್ತು. ನಾನು ರಾಶಿಯ ಮೇಲೆ ಕೂತು ವಿಷಯ ಹೇಳಿದೆ. ಹಿಂದಿನ ಬೆಂಚಿಗೆ ಮುಟ್ಟದ ದನಿಯಲ್ಲೇ ಹೇಳಿದೆ. ಈರಪ್ಪ ಮುಂದೆ ಬಾಗಿ ಕೇಳಿದ.

"ನಾ ಕೊಟ್ಟ ಕಲ್ಲ ಅಕ್ಕನ ಕೈಗುಣ ತಿಂತು ಅಂದಂಗಾತು," ಎಂದ.

ಹಾಗಲ್ಲ, ಕಲ್ಲಿನದೂ ತಪ್ಪಿಲ್ಲ ಎಂದೆ. ಇಲ್ಲೆಲ್ಲ ಒಂದು ಕಾಲಕ್ಕೆ ಸಮುದ್ರ ಇತ್ತು, ಈ ಸುಣ್ಣಕಲ್ಲೆಲ್ಲ ಅದರ ತಳ. ಅದರಲ್ಲಿ ಗಾಳಿಯೇ ಇಲ್ಲದ ಕರಿ ಕೆಸರಿನ ಗುಂಡಿಗಳು. ಆ ಕೆಸರಿನಲ್ಲಿ ಕಣ್ಣಿಗೆ ಕಾಣದ ಜೀವಗಳು ಸಮುದ್ರದ ಉಪ್ಪಿನೊಳಗಿನ ಗಂಧಕವನ್ನು ತಿಂದು ಕೊಳೆತ ಮೊಟ್ಟೆಯ ವಾಸನೆ ಬಿಡುತ್ತಿದ್ದವು, ಆ ಗಂಧಕ ಕೆಸರಿನ ಕಬ್ಬಿಣವನ್ನು ಹಿಡಿದುಕೊಂಡು ಕಣಕಣವಾಗಿ ಘನ ಕಟ್ಟಿತು. ಕೆಸರು ಕಲ್ಲಾಯಿತು. ಗಾಳಿ ನೋಡಿದ್ದು ನಿನ್ನ ಬಾವಿಯಿಂದ ಮೇಲೆ ಬಂದಾಗಲೇ.

ಈರಪ್ಪ ಹೊಲದ ಕೆಳಗಿನ ಮಗ್ಗುಲು ನೋಡುತ್ತಿದ್ದ. ಅಲ್ಲಿ ಕಾಲುವೆ ನೀರು ಕುಡಿದು ಕುಡಿದು ಉಪ್ಪೇರಿ ಸವಳಾದ ಒಂದು ಮಡಿ, ಬಿಸಿಲಿಗೆ ಬೆಳ್ಳಗೆ ಬಿಳಚಿಕೊಂಡಿತ್ತು. ನನಗೆ ಪುಸ್ತಕದ ಒಂದು ಸಾಲು ನೆನಪಾಯಿತು. ಅಂಥ ನೆಲಕ್ಕೆ ಪೈರೈಟಿನ ಪುಡಿ ಹಾಕುವುದುಂಟು. ಅದು ಬಿಡುವ ಹುಳಿ ನೆಲದ ಸುಣ್ಣದ ಜೊತೆ ಸೇರಿ ಜಿಪ್ಸಮ್ ಆಗುತ್ತದೆ, ಜಿಪ್ಸಮ್ ಸವಳನ್ನು ಬಿಡಿಸುತ್ತದೆ. ಹೇಳಿದೆ, ಖಾತ್ರಿ ಇಲ್ಲ ಎಂದೂ ಹೇಳಿದೆ.

"ಹಂಗಾರ ಅಕ್ಕನ ಬಣ್ಣಕ್ಕ ಇಸಾ, ನನ್ನ ಸವಳಿಗಿ ಮದ್ದು," ಎಂದ ಈರಪ್ಪ. "ಒಂದ ಬಾವಿ ಅಕ್ಕಗ ಒಂದ ಕೊಟ್ಟು ತಮ್ಮಗ ಒಂದ ಕೊಟ್ಟರ ಜಗಳಾ ಆಗೂದ ಖರೆ." ಆಗ ಮೊದಲ ಸಲ ನಕ್ಕ. ಸಂಜೆ ನನ್ನ ಜೊತೆಯಲ್ಲೇ ಹೊರಟ, ಕಲ್ಲನ್ನು ತಿರುಗಿ ತರಲು.

ನಾನು ಹೇಳಿದ್ದನ್ನೆಲ್ಲ ಈರಪ್ಪ ಅಕ್ಕನಿಗೆ ಒಪ್ಪಿಸಿದ. ಹಿತ್ತಲಲ್ಲಿ ಆತ ದೋಣಿಗೆ ಕೈ ಹಾಕಿದಾಗ ಗುರುಬಸವ್ವ ಮುಂಗೈ ಹಿಡಿದಳು. "ಕೊಟ್ಟಿದ್ದ ತಿರುಗಿ ಒಯ್ಯತಿಯೇನು?"

"ನಿನ್ನ ಬಣ್ಣ ಕೆಡಸಾಕತ್ತೇತಲ್ಲ ಬೇ ಅಕ್ಕಾ."

"ಅದೇನ ಕೆಡಸೂದು. ಹುಟ್ಟಿದಾಗಿಂದ ಗಾಳಿ ಕಂಡಿದ್ದಿಲ್ಲಂತ, ನೀ ತೋರಿಸಿದಿ, ಅಳಾಕತ್ತೇತಿ. ಅತ್ತರ ಅಳಲಿ. ಗಡಿಗಿ ತಾ, ಅದೂ ನನ್ನ ಕೆಲಸದ ನೀರನ."

ಮಣ್ಣಿನ ಗಡಿಗೆಗೆ ನೀರು ತುಂಬಿ ಕಲ್ಲನ್ನು ಅದಕ್ಕೆ ಇಳಿಸಿದಳು. ಆಮೇಲೆ ಹೇಳಿದಳು. ತನ್ನ ಅತ್ತೆ ಪೇಟೆಯಿಂದ ಅನ್ನಭೇದಿ ತಂದು, ಅಳಲೆಕಾಯಿಯ ಜೊತೆ ಹಾಕಿ, ಚಂದ್ರಕಾಳಿ ಸೀರೆಗೆ ಕರೀ ಬಣ್ಣ ಮಾಡುತ್ತಿದ್ದಳಂತೆ. ಡಬ್ಬಿಯ ಬಣ್ಣ ಬಂದ ಮೇಲೆ ಆ ಕರೀ ನಿಂತುಹೋಯಿತು. "ಗಡಿಗಿಯೊಳಗ ಈಗ ಆಗಾಕತ್ತಿದ್ದು ಅದ ಅನ್ನಭೇದಿನ ಅಲ್ಲೇನ ಟೀಚರ?"

ಅದೇ. ಅನ್ನಭೇದಿ ಎಂದರೆ ಕಬ್ಬಿಣವೂ ಗಂಧಕದ ಹುಳಿಯೂ ಸೇರಿದ ಉಪ್ಪು. ನಾನು ತಲೆಯಾಡಿಸಿದೆ. ಎಷ್ಟೋ ವರ್ಷ ಆ ಪ್ರಶ್ನೆಯನ್ನು ಪ್ರಶ್ನೆಯೆಂದೇ ತಿಳಿದಿದ್ದೆ.

ದೋಣಿ ತೊಳೆದು ಹೊಳೆನೀರು ತುಂಬಿದೆವು. ದೀಪಾವಳಿಯ ಲಡಿ ಹಳದಿಯಾಯಿತು. ಹಗ್ಗದ ಮೇಲೆ ಸಂಜೆಯವರೆಗೂ ಹಳದಿಯಾಗಿಯೇ ಇತ್ತು. ಚನಮಲ್ಲಪ್ಪ ಬಂದು ಮುಟ್ಟಿ ನೋಡಿ, "ಎಮ್ಮಿ ಎಲ್ಲಿ ಹೋತ ಬೇ?" ಎಂದ. "ಗಡಿಗ್ಯಾಗ ಕಟ್ಟೇನಿ, ಸಂಕ್ರಮಣಕ್ಕ ಈಯತೈತಿ" ಎಂದಳು ಗುರುಬಸವ್ವ. ಈಯಿತು ಕೂಡ. ಸಂಕ್ರಾಂತಿಗೆ ಚನಮಲ್ಲಪ್ಪನ ಮಗ್ಗದಿಂದ ಒಂದು ಚಂದ್ರಕಾಳಿ ಇಳಿಯಿತು, ಓಣಿಯ ಹೆಂಗಸರು ಅದರ ಕರಿಯನ್ನು ಬೆರಳಿಂದ ತಿಕ್ಕಿ ಬೆರಳು ನೋಡಿಕೊಂಡರು.

ಇಲ್ಲಿಗೆ ಕಥೆ ಮುಗಿಯುತ್ತದೆ, ಗಂಟೆ ಹೊಡೆಯುತ್ತದೆ.

ಪುಡಿಯಾದ ಕಲ್ಲನ್ನು ಗಾಜಿನ ಬಾಟಲಿಗೆ ತುಂಬಿಕೊಂಡು ಕಳೆದ ತಿಂಗಳು ಬನಹಟ್ಟಿಗೆ ಹೋದೆ. ಓಣಿಯ ಸದ್ದು ಹಾಗೇ ಇದೆ. ಗುರುಬಸವ್ವನ ಕಣ್ಣು ಮಂಜಾಗಿದೆ, ಮಾತು ಆಗಿಲ್ಲ. ದನಿಯಿಂದಲೇ ಗುರುತು ಹಿಡಿದಳು: "ಈಗ ಹಿಂದಿನ ಬೆಂಚಿಗಿ ಕೇಳಸತೈತಿ ಬಿಡು." ಈಗ ಸೋಮವಾರಕ್ಕೊಮ್ಮೆ ಅಕ್ಕನಿಗೆ ಸಿಪ್ಪೆ ತರುವವನು ಈರಪ್ಪ, ಅವತ್ತು ಆತನೂ ಚೀಲ ಹಾಕಿಕೊಂಡು ಬಂದಿದ್ದ. ಸವಳು ಮಡಿ ಏನಾಯಿತು ಎಂದು ಕೇಳಿದೆ. "ಕಬ್ಬ ಐತ್ರಿ ಈಗ. ನಿಮ್ಮ ಕಲ್ಲಿಂದ ಆತೋ, ಆಮ್ಯಾಲ ಹಾಕಿದ ಜಿಪ್ಸಮ್ಮಿಂದ ಆತೋ, ಸವಳ ನೀರ ಬಸಿದ ಹೋಗಾಕ ಬಸಿಗಾಲವಿ ತಗದಿದ್ದಕ್ಕ ಆತೋ, ಯಾರ ಹೇಳಬೇಕು. ಮೂರಕ್ಕೂ ಕೈ ಮುಗದೇನಿ." ನನಗೆ ಈ ಉತ್ತರ ಹಿಡಿಸಿತು. ನನ್ನ ಕಥೆಗಿಂತ ಪ್ರಾಮಾಣಿಕವಾಗಿದೆ.

ಗುರುಬಸವ್ವ ಅಳಲೆಕಾಯಿ ಬೇಕೆಂದು ಅಟ್ಟದ ಮೇಲಿನ ತಗಡಿನ ಡಬ್ಬಿ ಇಳಿಸಲು ಹೇಳಿದಳು. ನಾನು ಇಳಿಸಿದ್ದು ಬೇರೆ ಡಬ್ಬಿ. ಅದರಲ್ಲಿ ಅಳಲೆಕಾಯಿ ಇರಲಿಲ್ಲ, ಕಾಗದದಲ್ಲಿ ಸುತ್ತಿದ ಒಂದು ಕಡ್ಡಿ ಇತ್ತು. ಕಡ್ಡಿಗೆ ಜೋಡಿ ಜೋಡಿಯಾಗಿ ನೂಲಿನ ಎಳೆಗಳು, ನಾಲ್ಕು ಜೋಡಿ. ಪ್ರತಿ ಜೋಡಿಯಲ್ಲೂ ಒಂದು ಹಳದಿ, ಒಂದು ಕಪ್ಪು. ಕಪ್ಪು ಎಳೆಯ ತುದಿಗೆ ಗಂಟು. ಒಂದು ಗಂಟು, ಎರಡು, ಮೂರು, ನಾಲ್ಕು.

ಸುತ್ತಿದ್ದ ಕಾಗದ ನೋಡಿದೆ. ನನ್ನದೇ ಕೆಂಪು ಶಾಯಿ. ಒಂಬತ್ತನೆಯ ತರಗತಿ, ಮೊದಲ ಕಿರುಪರೀಕ್ಷೆ, ಉತ್ತರಪತ್ರಿಕೆ. ಮೊದಲ ಕಿರುಪರೀಕ್ಷೆ ಎಂದರೆ ಶ್ರಾವಣ. ರದ್ದಿ ಬೇಕು ಅಂದಿದ್ದಕ್ಕೆ ಆಗ ನಾನೇ ಕೊಟ್ಟ ಕಟ್ಟು ಅದು. ನಾನು ಎರಡು ಎಳೆಗಳ ಪರೀಕ್ಷೆ ಮಾಡಿದ್ದು ದಸರೆ ಕಳೆದ ಮೇಲೆ.

ಹಳೆಯ ಕಾಗದದಲ್ಲಿ ಆಮೇಲೆ ಎಂದೋ ಸುತ್ತಿರಬಹುದು. ಅದನ್ನೂ ಯೋಚಿಸಿದೆ.

"ಅವ್ವಾ, ನಿಮಗ ನನಗಿಂತ ಮೊದಲ ಗೊತ್ತಿತ್ತೇನ್ರಿ?"

"ನಾ ಎಲ್ಲಿ ಸಾಲಿ ಕಲ್ತೇನವಾ."

ಈರಪ್ಪ ಸಿಪ್ಪೆ ಸುರಿಯುವುದನ್ನು ನಿಲ್ಲಿಸಿ ಹೇಳಿದ: "ಗಣಪ್ಪ ಕೂಡೂಕಿಂತ ಮೊದಲ ನನಗ ಫೋನ್ ಹಚ್ಚಿದ್ಲರಿ, ಬಾವಿ ನೀರ ಇನ್ನೂ ಒಗರ ಐತೇನ ಅಂತ. ಯಾಕ ಅಂದ್ರ, ಸುಮ್ಮಕ ಅಂದ್ಲು."

ಗುರುಬಸವ್ವ ತಮ್ಮನ ಕಡೆ ಒಂದು ಸಿಪ್ಪೆ ಎಸೆದಳು. ಆಮೇಲೆ ಯಾರ ಕಡೆಗೂ ಅಲ್ಲದ ಹಾಗೆ ಹೇಳಿದಳು: "ಏಳ ವರ್ಷಕ್ಕ ತಮ್ಮ ಒಂದ ಕಲ್ಲ ತಂದಾನ. ಅದು ಕೆಟ್ಟದ್ದು ಅಂತ ಅಕ್ಕ ಹೇಳಿದ್ರ ಜಗಳ. ಟೀಚರ ಹೇಳಿದ್ರ ಪಾಠ."

"ಬ್ಯಾರೆ ನೀರಾಗ ನೆನಸಬಹುದಿತ್ತಲ್ರಿ, ಯಾರಿಗೂ ಹೇಳದಂಗ."

"ಕಲ್ಲ ದೋಣ್ಯಾಗ ಇಟ್ಟು ನೂಲ ಬ್ಯಾರೆ ನೀರಾಗ ನೆನಸಿದ್ರ ತವರಿಗಿ ಸುಳ್ಳ ಹೇಳಿದಂಗ. ಅಂವ ಪ್ರತಿ ಸಲ ಬಂದಾಗ ದೋಣಿ ಮುಟ್ಟಿ ನೋಡತಿದ್ದ." ಕೈಗೆ ಸಿಕ್ಕ ಸಿಪ್ಪೆಯೊಂದನ್ನು ಎರಡಾಗಿ ಮುರಿದಳು. "ನೀ ಭಾಳ ತಡಾ ಮಾಡಿದಿ ಬೇ. ದೋಣಿ ತಿಕ್ಕಿಸಿದ್ನಿ, ನೀರ ನೆಕ್ಕಿಸಿದ್ನಿ. ಹೊಗಿ ಅಂದಿ, ಹಂಡೆ ಅಂದಿ. ಇಡೀ ಓಣಿ ನನ್ನ ಕೈಗುಣ ಹೋತು ಅನ್ನಾಕತ್ತಿತ್ತು. ಈ ಹುಡುಗಿ ದೀಪಾವಳಿ ಒಳಗ ಹೇಳತೈತೋ ಇಲ್ಲೋ ಅಂತ ದಿನಾ ಎಣಸತಿದ್ನಿ."

ನಾನು ಕಡ್ಡಿಯನ್ನು ಕೈಯಲ್ಲಿ ಹಿಡಿದು ಕೂತಿದ್ದೆ. ಈ ಹೊಸ ಕಥೆಯೂ ನಯವಾಗಿಯೇ ಇದೆ, ಇದನ್ನೂ ಅನುಮಾನಿಸಬೇಕು. ಎಳೆಗಳು ಮಾತ್ರ ಕೈಯಲ್ಲಿದ್ದವು. ನಾನು ಕಂಡುಹಿಡಿದೆ ಎಂದು ಇಷ್ಟು ವರ್ಷ ಬೀಗಿದ್ದನ್ನು, ಯಾವುದರ ಬಲದಿಂದ ಮುಂದಿನ ಶಾಲೆಯಲ್ಲಿ ಹಿಂದಿನ ಬೆಂಚಿಗೆ ಮುಟ್ಟುವ ಹಾಗೆ ಮಾತಾಡಿದೆನೋ ಅದನ್ನು, ಆಕೆ ತನ್ನ ಹೆಸರನ್ನು ಮೂರು ತಿಂಗಳು ಪಣಕ್ಕಿಟ್ಟು ನನಗೆ ಕೊಟ್ಟಿದ್ದಳು. ಕೊಟ್ಟೆ ಎಂದು ಎಲ್ಲೂ ಹೇಳಲಿಲ್ಲ. ಡಬ್ಬಿ ತಪ್ಪಿ ಇಳಿಯದಿದ್ದರೆ ಇವತ್ತೂ ಹೇಳುತ್ತಿರಲಿಲ್ಲ.

ಕೃತಜ್ಞತೆ ಹೇಳಲು ಬಾಯಿ ತೆರೆದೆ. ಆಕೆಗೆ ಅದು ಗೊತ್ತಾಗಿರಬೇಕು. "ಚೀಲದಾಗ ಏನ ಸಪ್ಪಳ ಆಗಾಕತ್ತೇತಿ?" ಎಂದಳು.

ಬಾಟಲಿ ಕೊಟ್ಟೆ. ಮುಚ್ಚಳ ತೆಗೆದು ಮೂಸಿದಳು, ಪುಡಿಯ ಒಂದು ಕಣವನ್ನು ನಾಲಿಗೆಯ ತುದಿಗೆ ಹಚ್ಚಿ ಉಗುಳಿದಳು. "ಪಕ್ಕಾ ಆಗೇತಿ," ಎಂದಳು. ಹಿತ್ತಲಿಗೆ ನಡೆದು, ಗೋಡೆ ಹಿಡಿದುಕೊಂಡು, ಅದೇ ಹಳೆಯ ಗಡಿಗೆಯ ಬಾಯಿಗೆ ಬಾಟಲಿ ಬೋರಲು ಹಾಕಿದಳು. ಘನಗಳು ಟಣ್ ಎಂದು ಒಳಗೆ ಬಿದ್ದವು. ಒಳಗೆ ಹಳೆಯ ಕಲ್ಲು ಉಳಿದಿದೆಯೇ, ಎಂದೋ ಕರಗಿ ಹೋಗಿದೆಯೇ, ಕೇಳಲಿಲ್ಲ. ಅವಳು ನನ್ನ ಬಿಳಿ ಕರವಸ್ತ್ರ ಕೇಳಿ ತೆಗೆದುಕೊಂಡು ಮೊದಲು ಅಳಲೆಕಾಯಿಯ ನೀರಿನಲ್ಲಿ ಹಿಂಡಿದಳು, ಆಮೇಲೆ ಗಡಿಗೆಗೆ ಅದ್ದಿ ಎತ್ತಿ ನನ್ನ ಕೈಗೆ ಕೊಟ್ಟಳು.

"ಗಾಳಿಗಿ ಹಿಡಿ. ನನಗ ಕಾಣೂದಿಲ್ಲ. ಎಂಥಾ ಬಣ್ಣ ಬಂತು ಹೇಳು."

ಹಿಡಿದೆ. ಬೂದು ಇತ್ತು, ನೋಡನೋಡುತ್ತ ಕಪ್ಪಾಗುತ್ತಿತ್ತು.

"ಕರೀ, ಅವ್ವಾ."

"ಯಾವ ಕರೀ?"

ಮತ್ತೆ ನೋಡಿದೆ. ಮೋಡದ್ದೋ, ಶಾಯಿಯದೋ, ಎಮ್ಮೆಕರುವಿನದೋ. ಈ ಸಲ ನಯವಾದದ್ದೇನನ್ನೂ ಹೇಳಬಾರದು ಅನ್ನಿಸಿತು.

"ಇನ್ನೂ ಗೊತ್ತಾಗವಲ್ದ್ರಿ," ಎಂದೆ.

"ಹಾಂ," ಎಂದಳು ಗುರುಬಸವ್ವ, ಕೈ ಚಾಚಿ. "ತಾ ಇತ್ತ. ಇನ್ನೊಂದ ಸಲ ಅದ್ದೂಣು."